ಸಮುದಾಯ ಬಾನುಲಿಯೂ ಹಾಡಿನ ಋಣವೂ

ಪರರ ಹೊಲದ ಕಬ್ಬನ್ನು ಕೇಳದೆ ಮುರಿದರೆ ಕಳವು ಎನ್ನುತ್ತೇವೆ. ಪರರು ಕಟ್ಟಿದ ಹಾಡನ್ನು ಕೇಳದೆ ಹಾಡಿಕೊಂಡರೆ ರಸಿಕತೆ ಎನ್ನುತ್ತೇವೆ. ಲೋಕರೂಢಿ ಹೀಗಿದೆ, ಅದರಲ್ಲಿ ತಪ್ಪೇನೂ ಇಲ್ಲ. ಬಚ್ಚಲಮನೆಯಲ್ಲಿ ಹಾಡುವವನಿಂದ ಯಾರೂ ಲೆಕ್ಕ ಕೇಳುವುದಿಲ್ಲ. ಆದರೆ ಅದೇ ಹಾಡನ್ನು ಒಂದು ಪ್ರಸಾರಯಂತ್ರದ ಮೂಲಕ ಸುತ್ತಲ ಹಳ್ಳಿಗಳಿಗೆಲ್ಲ ಮುಟ್ಟಿಸುವಾಗ ರೂಢಿಯ ಮಾತು ಸಾಲದೆ ಕಾಯಿದೆಯ ಮಾತು ಬರುತ್ತದೆ. ಸಮುದಾಯ ಬಾನುಲಿ ಕೇಂದ್ರಗಳು ಹಾಡುಗಳನ್ನು ಬಿತ್ತರಿಸಲು ಪಡೆಯಬೇಕಾದ ಪರವಾನಗಿ, ಮತ್ತು ಆ ಪರವಾನಗಿಯ ಗಲಾಟೆಯಲ್ಲಿ ಎಲ್ಲರೂ ಮರೆತಿರುವ ಕೆಲವರು, ಇದೇ ಈ ಲೇಖನದ ವಿಷಯ. ಕಾಯಿದೆಯೆಂದೊಡನೆ ಸಹಪಾಠಿಗಳು ಪುಟ ತಿರುವಿಬಿಡಬಾರದೆಂದು ನನ್ನ ವಿನಂತಿ.

ಸಣ್ಣ ಬಾನುಲಿ ಕೇಂದ್ರವೆಂಬುದು ನಮ್ಮ ನಾಡಿಗೆ ಹೊಸ ವಸ್ತುವಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಯಂತ್ರವೊಂದನ್ನು ಇಟ್ಟುಕೊಂಡು ಪ್ರಸಾರವನ್ನು ಆರಂಭಿಸಿದರು; 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆಲ್ಲ ಹಬ್ಬಿದ್ದು ಆ ಮನೆಯಿಂದ. ಒಬ್ಬ ಕಾಲೇಜು ಅಧ್ಯಾಪಕರ ಮನೆಯೇ ಬಾನುಲಿ ಕೇಂದ್ರವಾಗಿದ್ದ ಕಾಲವದು. ಆಮೇಲೆ ಬಾನುಲಿ ಸರ್ಕಾರದ ಸ್ವತ್ತಾಯಿತು. ಬಹುಕಾಲದ ನಂತರ, 1995ರ ಫೆಬ್ರವರಿಯಲ್ಲಿ, ವಾಯುತರಂಗಗಳು ಸಾರ್ವಜನಿಕರ ಆಸ್ತಿಯೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2002ರಲ್ಲಿ ವಿದ್ಯಾಸಂಸ್ಥೆಗಳಿಗೆ ಸ್ವಂತ ಕೇಂದ್ರ ತೆರೆಯುವ ಅವಕಾಶ ದೊರೆಯಿತು. 2004ರಲ್ಲಿ ಮದರಾಸಿನ ಅಣ್ಣಾ ವಿಶ್ವವಿದ್ಯಾನಿಲಯದ ಕೇಂದ್ರ ಮೊದಲಾಯಿತು. 2006ರಿಂದ ಲಾಭದ ಉದ್ದೇಶವಿಲ್ಲದ ಸೇವಾಸಂಸ್ಥೆಗಳಿಗೂ ಈ ಬಾಗಿಲು ತೆರೆಯಿತು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಷ್ಟು ದಿನ ಕಾಯಲಿಲ್ಲ. ಗಾಳಿಯಲ್ಲಿ ಬಿಡಲು ಅಪ್ಪಣೆಯಿಲ್ಲದಿದ್ದರೇನಂತೆ, ತಂತಿಯಲ್ಲಿ ಬಿಡೋಣವೆಂದು 2003ರಷ್ಟು ಹಿಂದೆಯೇ 'ನಮ್ಮ ಧ್ವನಿ'ಯನ್ನು ಕೇಬಲ್ ಮೂಲಕ ಮನೆಮನೆಗೆ ಹಾಯಿಸಿದರು. ಇಂದು ದೇಶದಲ್ಲಿ ಇಂಥ ಕೇಂದ್ರಗಳು ಸುಮಾರು 500 ಇವೆ.

ಇವುಗಳ ಶಕ್ತಿ 100 ವ್ಯಾಟು. ದನಿ ಸುಮಾರು 10 ಕಿಲೋಮೀಟರಿನಾಚೆ ಕ್ಷೀಣಿಸುತ್ತದೆ. ಕಾರ್ಯಕ್ರಮಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಆ ಊರಿನವರೇ ಸೇರಿ ಮಾಡಿದವಾಗಿರಬೇಕು. ಸ್ವಂತ ವಾರ್ತೆ ಓದುವಂತಿಲ್ಲ. ಇನ್ನು ಆದಾಯ. ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದೆಂದೂ ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿತೆಂದೂ 2023ರಲ್ಲಿ ಪ್ರಕಟವಾಯಿತು. ಗುಣಾಕಾರ ಮಾಡಿ ನೋಡಿದರೆ ಗಂಟೆಗೆ 5,328 ರೂಪಾಯಿ! ಈ ಗುಣಾಕಾರ ಕಾಗದದ ಮೇಲೆ ಬಹು ಸೊಗಸಾಗಿದೆ. ಹನ್ನೆರಡು ನಿಮಿಷವೂ ತುಂಬುವಷ್ಟು ಜಾಹೀರಾತು ಹಳ್ಳಿಯ ಕೇಂದ್ರಕ್ಕೆ ಎಲ್ಲಿಂದ ಬರಬೇಕು? ಗೊಬ್ಬರದ ಅಂಗಡಿಯವನೂ ಬಟ್ಟೆ ಅಂಗಡಿಯವನೂ ಗೋಡೆಯ ಮೇಲೆ ಬರೆಸುವುದೇ ಸಾಕೆನ್ನುತ್ತಾರೆ.

ಇಂಥ ಬಡ ಕೇಂದ್ರವೊಂದು ಒಂದು ಹಾಡನ್ನು ಹಾಕಬೇಕೆನ್ನೋಣ. ಶಿಶುನಾಳ ಶರೀಫರ ಪದವನ್ನೇ ತೆಗೆದುಕೊಳ್ಳಿರಿ. ಶರೀಫರು 1889ರಲ್ಲಿಯೇ ತೀರಿಕೊಂಡರು. ಕವಿಯ ಮರಣಾನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯವೆಂದು ನಮ್ಮ ಕಾಯಿದೆ ಹೇಳುವುದರಿಂದ ಅವರ ಮಾತುಗಳು ಎಲ್ಲರ ಸೊತ್ತು; ಭಿಕ್ಷುಕನೂ ಹಾಡಬಹುದು, ಸಚಿವನೂ ಹಾಡಬಹುದು. ಆದರೆ ನಮ್ಮ ಕಿವಿಗಳಲ್ಲಿ ಕುಳಿತಿರುವುದು ಸಿ. ಅಶ್ವತ್ಥರು ಕೂಡಿಸಿದ ರಾಗ. ಅವರು 2009ರಲ್ಲಿ ನಿಧನರಾದರು. ಆದ್ದರಿಂದ ಆ ಸ್ವರಸಂಯೋಜನೆಯ ಸ್ವಾಮ್ಯ 2069ರ ಕೊನೆಯವರೆಗೂ ಉಳಿಯುತ್ತದೆ. ಅದನ್ನು ಮುದ್ರಿಸಿದ ಕಂಪನಿಗೆ ಆ ಧ್ವನಿಮುದ್ರಣದ ಮೇಲೆ ಬೇರೆಯೇ ಹಕ್ಕು. ಅದು ಹೊರಬಂದಂದಿನಿಂದ 60 ವರ್ಷ. ಹೀಗೆ ಕೇಳುವ ಕಿವಿಗೆ ಒಂದೇ ಆದ ಹಾಡು ಕಾಯಿದೆಯ ಕಣ್ಣಿಗೆ ಮೂರಂತಸ್ತಿನ ಮನೆ: ಕೆಳಗೆ ಸಾಹಿತ್ಯ, ನಡುವೆ ರಾಗ, ಮೇಲೆ ಮುದ್ರಣ. ಮೂರರ ಬಾಗಿಲನ್ನೂ ತಟ್ಟಬೇಕು. ಬೇಂದ್ರೆಯವರ ಕವಿತೆಯಾದರೆ ಕೆಳಗಿನ ಅಂತಸ್ತಿಗೂ 2041ರವರೆಗೆ ಬೀಗ. ಕುವೆಂಪು ಅವರದಾದರೆ 2054ರವರೆಗೆ. ಮುದ್ರಣ ಮಾಡಿದ ಕಂಪನಿಗಳ ಪರವಾಗಿ ಹಣ ವಸೂಲು ಮಾಡಲು ಪಿ.ಪಿ.ಎಲ್. ಎಂಬ ಸಂಸ್ಥೆ 1941ರಿಂದ ಇದೆ. ಕವಿಗಳ, ಸಂಯೋಜಕರ, ಪ್ರಕಾಶಕರ ಪರವಾಗಿ ಐ.ಪಿ.ಆರ್.ಎಸ್. ಎಂಬುದು 1969ರಿಂದ ಇದೆ. ಕಂಪನಿಗಳೆಲ್ಲ ಒಂದೇ ಸಂಸ್ಥೆಯ ಕೊಡೆಯಡಿ ನಿಂತಿಲ್ಲವಾದ್ದರಿಂದ ಯಾವ ಹಾಡಿಗೆ ಯಾರನ್ನು ಕೇಳಬೇಕೆಂಬುದನ್ನು ಕಂಡುಹಿಡಿಯುವುದೇ ಒಂದು ಉದ್ಯೋಗ.

1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಿದ್ದುಪಡಿ ಮಾಡಿ ಪ್ರಸಾರಕರಿಗೊಂದು ಸುಲಭ ಮಾರ್ಗವನ್ನು ತೋರಿಸಲಾಯಿತು. 31ಡಿ ಎಂಬ ಕಲಮಿನ ಪ್ರಕಾರ ಈಗಾಗಲೇ ಪ್ರಕಟವಾದ ಹಾಡನ್ನು ಪ್ರಸಾರ ಮಾಡಲು ಒಡೆಯನ ಒಪ್ಪಿಗೆಗಾಗಿ ಕಾದು ಕೂರಬೇಕಿಲ್ಲ. ಮುಂಚಿತವಾಗಿ ನೋಟೀಸು ಕೊಟ್ಟು, ಗೊತ್ತುಪಡಿಸಿದ ರಾಯಧನವನ್ನು ಮುಂಗಡವಾಗಿ ತೆತ್ತರೆ ಸಾಕು. ಕೇಳಲು ಚೆನ್ನಾಗಿದೆ. ಆದರೆ ನಿಯಮಗಳ ಪ್ರಕಾರ ಆ ನೋಟೀಸು ಪ್ರಸಾರಕ್ಕೆ 5 ದಿನ ಮೊದಲೇ ಹಕ್ಕುದಾರನಿಗೂ ರಿಜಿಸ್ಟ್ರಾರರಿಗೂ ತಲುಪಬೇಕು, ಯಾವ ಕೃತಿ, ಯಾವ ಕಾರ್ಯಕ್ರಮ, ಎಷ್ಟು ಹೊತ್ತು ಎಂಬ ವಿವರಗಳಿರಬೇಕು, ಲೆಕ್ಕಪುಸ್ತಕ ಇಡಬೇಕು. ಮುಂಬಯಿಯಲ್ಲಿ ವಕೀಲರನ್ನಿಟ್ಟುಕೊಂಡ ಖಾಸಗಿ ಎಫ್.ಎಂ.ಗೆ ಇದು ಗುಮಾಸ್ತೆಯ ಕೆಲಸ. ಬೆಳಿಗ್ಗೆ ಕಸ ಗುಡಿಸಿ, ಹತ್ತು ಗಂಟೆಗೆ ನಿರೂಪಣೆ ಮಾಡಿ, ಮಧ್ಯಾಹ್ನ ಯಂತ್ರ ರಿಪೇರಿಗೆ ಪೇಟೆಗೆ ಹೋಗುವ ಹಳ್ಳಿಯ ಕಾರ್ಯಕರ್ತೆಗೆ? ನಾಟಿಯ ದಿನ ಗದ್ದೆಯಿಂದ ದೂರವಾಣಿ ಮಾಡಿ 'ಅಕ್ಕಾ, ಆ ಹಾಡು ಹಾಕಿ' ಎಂದು ಕೇಳಿದವಳಿಗೆ 'ಐದು ದಿನ ತಡೆಯವ್ವ' ಎನ್ನಲಾದೀತೆ?

ದರದ ಮಾತನ್ನೂ ಹೇಳಬೇಕು. 2010ರಲ್ಲಿ ಕೃತಿಸ್ವಾಮ್ಯ ಮಂಡಲಿ ಎಫ್.ಎಂ. ಕೇಂದ್ರಗಳಿಗೆ ಧ್ವನಿಮುದ್ರಣಗಳ ಬಗ್ಗೆ ತೀರ್ಮಾನಿಸಿದ ದರ, ಆ ಕೇಂದ್ರದ ನಿವ್ವಳ ಜಾಹೀರಾತು ಆದಾಯದ 100ಕ್ಕೆ 2ರಷ್ಟು. ಈ ಸೂತ್ರದಲ್ಲಿ ನ್ಯಾಯವಿತ್ತೆಂದು ನನ್ನ ಅಭಿಪ್ರಾಯ. ಬಂದವನು ಬಂದಷ್ಟರಲ್ಲಿ ಕೊಡುತ್ತಾನೆ, ಬಾರದವನು ಏನು ಕೊಟ್ಟಾನು? 2020ರ ಡಿಸೆಂಬರ್ ಕೊನೆಯ ದಿನ ಮೇಲ್ಮನವಿ ಮಂಡಲಿಯೊಂದು ಆ ಸೂತ್ರವನ್ನು ಬಿಟ್ಟು 'ಸೂಜಿಗಂಟೆ'ಯ ಲೆಕ್ಕಕ್ಕೆ ತಿರುಗಿತು. ಗ್ರಾಮಫೋನ್ ತಟ್ಟೆಯ ಮೇಲೆ ಸೂಜಿ ಓಡಿದಷ್ಟು ಹೊತ್ತಿಗೆ ಹಣ ಎಂಬುದು ಇದರ ಅರ್ಥ; ತಟ್ಟೆ ಹೋಯಿತು, ಸೂಜಿ ಹೋಯಿತು, ಲೆಕ್ಕ ಮಾತ್ರ ಉಳಿದಿದೆ. ಆ ಆಜ್ಞೆ 2021ರ ಸೆಪ್ಟೆಂಬರಿನವರೆಗಿನ ಅವಧಿಗೆ ಮಾತ್ರ. ಆ ಅವಧಿ ಮುಗಿಯುವ ಮೊದಲೇ, ಏಪ್ರಿಲಿನಲ್ಲಿ, ಆ ಮಂಡಲಿಯನ್ನೇ ರದ್ದುಪಡಿಸಿ ಅದರ ಅಧಿಕಾರವನ್ನು ನ್ಯಾಯಾಲಯಗಳಿಗೆ ವಹಿಸಲಾಯಿತು. ದರ ನಿಗದಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವ ತ್ರಾಣ ಹಳ್ಳಿಯ ಕೇಂದ್ರಕ್ಕಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಕಾಯಿದೆಗೆ ಕರುಣೆಯೇ ಇಲ್ಲವೆಂದಲ್ಲ. ಅದರ 52ನೆಯ ಕಲಮನ್ನು ಓದಿದಾಗ ನನಗೆ ಸಂತೋಷವೂ ಆಶ್ಚರ್ಯವೂ ಆದುವು. ವಿದ್ಯಾಸಂಸ್ಥೆಯ ಚಟುವಟಿಕೆಯ ಅಂಗವಾಗಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಾಡಿದರೆ ಪರವಾನಗಿ ಬೇಡ. ಮದುವೆಯ ಮೆರವಣಿಗೆಗೆ ಬೇಡ. ಹವ್ಯಾಸಿ ಸಂಘದವರು ಟಿಕೆಟ್ಟಿಲ್ಲದ ಸಭಿಕರ ಮುಂದೆ ಹಾಡಿದರೆ ಬೇಡ. ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಗೆಳತಿಯೊಬ್ಬಳು ಭಾವಗೀತೆ ಹಾಡಿದರೆ ಅದು ನಿರ್ಬಾಧಿತ. ಅವಳ ಮುಂದಿರುವ ಧ್ವನಿವರ್ಧಕದ ತಂತಿಯನ್ನು ಒಂದು ಸಣ್ಣ ಪ್ರಸಾರಯಂತ್ರಕ್ಕೆ ಸಿಕ್ಕಿಸಿದೊಡನೆ, ಹಾಡು ಅದೇ, ಗಂಟಲು ಅದೇ, ಕೇಳುವವರು ಪಕ್ಕದ ಹಳ್ಳಿಯಲ್ಲಿರುವ ಅವಳ ತಂದೆತಾಯಿಗಳೇ, ಆದರೂ ಪರವಾನಗಿ ಬೇಕು. ಕಾಯಿದೆ ಮಾಡಿದ 1957ರಲ್ಲಿ ಬಾನುಲಿ ಎಂದರೆ ಸರ್ಕಾರದ ದೊಡ್ಡ ಕೇಂದ್ರವೆಂದೇ ಅರ್ಥ. ಹಳ್ಳಿಯ ಜಗಲಿಯಷ್ಟೇ ಅಗಲದ ಬಾನುಲಿಯೊಂದು ಹುಟ್ಟೀತೆಂದು ಅಂದು ಯಾರು ಎಣಿಸಿದ್ದರು?

ಹಾಗಾದರೆ ಸಮುದಾಯ ಬಾನುಲಿಗೆ ಎಲ್ಲ ಹಾಡೂ ಪುಕ್ಕಟೆ ಸಿಗಲಿ ಎನ್ನೋಣವೆ? ಈ ಮಾತನ್ನು ನಮ್ಮ ಕನ್ನಡ ಸಂಘದ ಚರ್ಚೆಯೊಂದರಲ್ಲಿ ಇಬ್ಬರು ಮಿತ್ರರು ಬಹಳ ಆವೇಶದಿಂದ ಆಡಿದರು. ಅದನ್ನು ನಾನು ಒಪ್ಪಲಾರೆ. ಸೇವೆ ಮಾಡುತ್ತೇವೆಂದು ವಿದ್ಯುತ್ ಇಲಾಖೆ ಕರೆಂಟು ಬಿಟ್ಟಿ ಕೊಡುವುದಿಲ್ಲ. ಕವಿಯೊಬ್ಬನೇ ಏಕೆ ಬಿಟ್ಟಿ ಕೊಡಬೇಕು? ನಮ್ಮ ದೇಶದಲ್ಲಿ ಹಾಡು ಬರೆದವರ ಕಥೆ ಸುಖದ್ದಲ್ಲ. ನಿರ್ಮಾಪಕನಿಂದ ಸಂಬಳ ಪಡೆದು ಸಿನಿಮಾಕ್ಕೆ ಹಾಡು ಮಾಡಿದ ಮೇಲೆ, ಬೇರೆ ಕರಾರಿಲ್ಲದಿದ್ದರೆ, ಸ್ವಾಮ್ಯವೆಲ್ಲ ನಿರ್ಮಾಪಕನದೇ ಎಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಹಾಡುವವರಿಗಂತೂ ಆಗ ಏನೂ ಇರಲಿಲ್ಲ. ಇದು ಸರಿಯಲ್ಲವೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅದೇ ತೀರ್ಪಿಗೆ ಪ್ರತ್ಯೇಕವಾಗಿ ಸೇರಿಸಿದ ಮಾತುಗಳಲ್ಲಿ ನೊಂದುಕೊಂಡರು. ಬರೆದವರೂ ರಾಗ ಕೂಡಿಸಿದವರೂ ತಮ್ಮ ರಾಯಧನದ ಪಾಲನ್ನು ಬಿಟ್ಟುಕೊಡಲು ಬಾರದೆಂಬ ರಕ್ಷಣೆ ಸಿಕ್ಕಿದ್ದು 2012ರಲ್ಲಿ. ಮೂವತ್ತೈದು ವರ್ಷ ಹೋರಾಡಿ ಪಡೆದ ಅನ್ನದ ತಟ್ಟೆಗೆ ಸಮುದಾಯದ ಹೆಸರಿನಲ್ಲಿ ಕೈ ಹಾಕುವುದು ನನಗೆ ಹಿಡಿಸುವುದಿಲ್ಲ.

ಇನ್ನೊಂದು ಪಕ್ಷದವರು, ಸಿನಿಮಾ ಹಾಡಿಲ್ಲದೆ ಬಾನುಲಿ ನಡೆಸಿರಿ, ನಿಮ್ಮ ಊರಿನ ಕಲೆಯೇ ಸಾಕಲ್ಲ ಎನ್ನುತ್ತಾರೆ. ಈ ಉಪದೇಶವೂ ಹಳೆಯದೇ. 1952ರಲ್ಲಿ ಕೇಂದ್ರ ಸಚಿವರಾಗಿದ್ದ ಬಿ. ವಿ. ಕೇಸ್ಕರ್ ಅವರು ಆಕಾಶವಾಣಿಯಲ್ಲಿ ಸಿನಿಮಾ ಗೀತೆಗಳಿಗೆ ಕತ್ತರಿ ಹಾಕಿದರು; ಚಿತ್ರದ ಹೆಸರು ಹೇಳುವುದು ಜಾಹೀರಾತಾಗುತ್ತದೆಂದು ಅದನ್ನೂ ನಿಲ್ಲಿಸಿದಾಗ ನಿರ್ಮಾಪಕರು ಮುನಿದು ಪರವಾನಗಿಯನ್ನೇ ಹಿಂತೆಗೆದುಕೊಂಡರು. ಆಗ ಜನ ಶಾಸ್ತ್ರೀಯ ಸಂಗೀತಕ್ಕೆ ಕಿವಿಗೊಟ್ಟರೇ? ಇಲ್ಲ, ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿಯನ್ನು ತೆರೆಯಬೇಕಾಗಿ ಬಂತು. ಎರಡು ಚಿತ್ರಗೀತೆಗಳ ನಡುವೆ ಇಟ್ಟರೆ ಮಾತ್ರ ಬಸುರಿಯರ ಆರೋಗ್ಯದ ಬಗ್ಗೆ ವೈದ್ಯರ ಮಾತನ್ನು ಜನ ಕೇಳುತ್ತಾರೆ. ಗುಳಿಗೆಯನ್ನು ಬೆಲ್ಲದಲ್ಲಿಟ್ಟು ಕೊಡುವುದನ್ನು ನಮ್ಮ ಅಜ್ಜಿಯರೂ ಬಲ್ಲರು.

ಆದ್ದರಿಂದ ಬೇಕಾಗಿರುವುದು ಬಿಟ್ಟಿಯೂ ಅಲ್ಲ, ಬಹಿಷ್ಕಾರವೂ ಅಲ್ಲ. ಸಮುದಾಯ ಬಾನುಲಿಗೆಂದೇ ಪ್ರತ್ಯೇಕವಾದ, ಆದಾಯಕ್ಕೆ ತಕ್ಕ, ವರ್ಷಕ್ಕೊಮ್ಮೆ ಒಂದೇ ಕಡೆ ಕಟ್ಟಬಹುದಾದ ಚಿಕ್ಕ ಶುಲ್ಕ. ಇದು ಅಸಾಧ್ಯವೇನಲ್ಲ. ಅಮೆರಿಕದಲ್ಲಿ ಕಾಲೇಜು ಬಾನುಲಿಗಳು ಹಾಡುಗಳಿಗಾಗಿ ತೆರಬೇಕಾದ ವಾರ್ಷಿಕ ಶುಲ್ಕವನ್ನು ಆ ಕಾಲೇಜಿನ ವಿದ್ಯಾರ್ಥಿಗಳ ಸಂಖ್ಯೆಯನ್ನು ನೋಡಿ ನಿಗದಿ ಮಾಡುತ್ತಾರೆ. ಅಷ್ಟು ಧನಿಕ ದೇಶದಲ್ಲಿಯೇ ಸಣ್ಣವರನ್ನು ಸಣ್ಣವರೆಂದು ಗುರುತಿಸುವ ವಿವೇಕವಿದೆ.

ಇಲ್ಲಿಯವರೆಗೆ ನಾನು ಬಾನುಲಿ ಕೇಂದ್ರದ ಪರವಾಗಿ ವಾದಿಸಿದೆ. ಇನ್ನು ಅವರನ್ನೇ ಒಂದು ಮಾತು ಕೇಳಬೇಕಾಗಿದೆ.

ಚಿತ್ರಗೀತೆಯ ಒಡೆಯನಿಗೆ ಐದು ದಿನದ ನೋಟೀಸು, ಮುಂಗಡ ಹಣ. ಜಾನಪದ ಗೀತೆಯ ಒಡತಿಗೆ ಏನು? ಹಾಡಿಗೆ ಅಂಕಿತವಿಲ್ಲ, ಕಟ್ಟಿದವರು ಗೊತ್ತಿಲ್ಲ, ಆದ್ದರಿಂದ ಕೃತಿಸ್ವಾಮ್ಯವಿಲ್ಲ, ಅದು ಸರಿಯೇ. ಆದರೆ ಹಾಡಿದವಳು ಗೊತ್ತಿದ್ದಾಳಲ್ಲ! 1994ರಲ್ಲಿ ಮಾಡಿದ ತಿದ್ದುಪಡಿಯಿಂದ ನಮ್ಮ ಕಾಯಿದೆ ಪ್ರದರ್ಶಕರ ಹಕ್ಕು ಎಂಬುದನ್ನು ಒಪ್ಪಿಕೊಂಡಿದೆ. ಯಾರು ಪ್ರದರ್ಶಕರು? ನಟ, ಗಾಯಕ, ವಾದಕ, ನರ್ತಕ, ದೊಂಬರಾಟದವನು, ಇಂದ್ರಜಾಲದವನು, ಹಾವಾಡಿಗ, ಉಪನ್ಯಾಸ ಕೊಡುವವನು. ಕಾಯಿದೆಯ ಪಟ್ಟಿ ಇದೇ ಕ್ರಮದಲ್ಲಿದೆ. (ಹಾವಾಡಿಗನ ಪಕ್ಕದಲ್ಲಿಯೇ ಉಪನ್ಯಾಸಕರನ್ನು ಕೂರಿಸಿದ್ದಕ್ಕೆ ನಮ್ಮ ಗುರುವೃಂದ ನನ್ನ ಮೇಲೆ ಮುನಿಯಬಾರದು, ಪಟ್ಟಿ ಸಂಸತ್ತಿನದು.) ಇವರ ಒಪ್ಪಿಗೆಯಿಲ್ಲದೆ ಇವರ ಪ್ರದರ್ಶನವನ್ನು ಮುದ್ರಿಸಿಕೊಳ್ಳುವಂತಿಲ್ಲ, ಬಿತ್ತರಿಸುವಂತಿಲ್ಲ. ಹಕ್ಕಿನ ಅವಧಿ 50 ವರ್ಷ. ತಮ್ಮ ಪ್ರದರ್ಶನದೊಡನೆ ತಮ್ಮ ಹೆಸರು ಬರಬೇಕೆಂದು ಕೇಳುವ ಹಕ್ಕೂ 2012ರಿಂದ ಇವರಿಗಿದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನ ತಾಯಿಗೆ ಸಹಿ ಮಾಡುವಷ್ಟು ಅಕ್ಷರ ಬರುತ್ತದೆ. ಸೋಬಾನೆ ಪದ ಮಾತ್ರ ರಾತ್ರಿಯೆಲ್ಲ ಹಾಡಿದರೂ ಮುಗಿಯದಷ್ಟು ಬರುತ್ತದೆ. 2023ರಲ್ಲಿ ಒಂದು ಸಮುದಾಯ ಬಾನುಲಿಯವರು ನಮ್ಮೂರಿಗೆ ಬಂದು, ಅವಳನ್ನೂ ಓರಗಿತ್ತಿಯರಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿ, ಒಂದು ಮಧ್ಯಾಹ್ನವೆಲ್ಲ ಹಾಡಿಸಿಕೊಂಡು ಹೋದರು. ಒಳ್ಳೆಯ ಹುಡುಗರು, ಮಜ್ಜಿಗೆ ಕುಡಿದು ಕಾಲಿಗೆರಗಿ ಹೋದರು. ಆ ಪದಗಳು ಇಂದಿಗೂ ಆಗಾಗ ಬರುತ್ತವೆ. ಅವುಗಳ ಮುಂದೆ ಹೇಳುವುದು 'ಗ್ರಾಮೀಣ ಮಹಿಳೆಯರಿಂದ ಸೋಬಾನೆ' ಎಂದಷ್ಟೆ. ಅದೇ ಕಾರ್ಯಕ್ರಮದಲ್ಲಿ ಬರುವ ಭಾವಗೀತೆಗೆ ಕವಿ, ಸಂಗೀತ, ಗಾಯಕರು ಮೂವರ ಹೆಸರೂ ಕೇಳಿಬರುತ್ತದೆ, ಏಕೆಂದರೆ 31ಡಿ ಕಲಮು ಹಾಗೆ ಹೇಳಬೇಕೆಂದು ಕಟ್ಟುಮಾಡಿದೆ. ನಾನು ತಾಯಿಗೆ ಈ ಕಾಯಿದೆಯನ್ನೆಲ್ಲ ವಿವರಿಸಿದಾಗ ಅವಳು ನಕ್ಕಳು. "ಹಾಡು ನಂದಾ? ನಮ್ಮತ್ತೆ ಹೇಳ್ಕೊಟ್ಟದ್ದು, ಅವರ್ಗೆ ಅವರತ್ತೆ" ಎಂದಳು. ಸ್ವಲ್ಪ ಹೊತ್ತು ಅಕ್ಕಿ ಆರಿಸುತ್ತ ಕುಳಿತಿದ್ದು, "ಕೇಳಿದ್ರೆ ಬ್ಯಾಡ ಅಂತಿದ್ನಾ? ಹೆಸ್ರು ಹೇಳ್ಬೋದಾಗಿತ್ತು" ಎಂದಳು.

ಈ ಮರೆವು ಬಾನುಲಿಯವರೊಬ್ಬರದೇ ಅಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು' ಕನ್ನಡದ ಭಾಗ್ಯ. ಸಂಗ್ರಹಿಸಿದವರ ಹೆಸರನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಬೀಸುಕಲ್ಲಿನ ಮುಂದೆ ಕುಳಿತು ಹಾಡಿಕೊಟ್ಟ ಗರತಿಯರಲ್ಲಿ ಒಬ್ಬಳ ಹೆಸರನ್ನಾದರೂ ನಮ್ಮ ತರಗತಿಯಲ್ಲಿ ಯಾರಾದರೂ ಹೇಳಬಲ್ಲಿರಾ? ಅಂದು ಕಾಗದದ ಮೇಲೆ ಉಳಿದದ್ದು ಮಾತುಗಳು ಮಾತ್ರ. ಇಂದು ಉಳಿಯುತ್ತಿರುವುದು ಅವಳ ದನಿಯೇ. ಅದನ್ನು ಮುದ್ರಿಸಿಕೊಂಡ ಕೇಂದ್ರಕ್ಕೆ ಆ ಮುದ್ರಣದ ಮೇಲೆ 60 ವರ್ಷದ ಸ್ವಾಮ್ಯ ತಾನಾಗಿಯೇ ಬಂದುಬಿಡುತ್ತದೆ. ದೊಡ್ಡ ಕಂಪನಿಯ ಮುಂದೆ ಕೈಕಟ್ಟಿ ನಿಲ್ಲುವ ಬಡ ಬಾನುಲಿ ತನಗರಿವಿಲ್ಲದೆಯೇ ಊರ ಹೆಂಗಸಿನ ಮುಂದೆ ತಾನೊಂದು ಸಣ್ಣ ಕಂಪನಿಯಾಗಿ ನಿಂತಿರುತ್ತದೆ. ನಾಳೆ ಆ ಮುದ್ರಣವನ್ನು ಯಾವನೋ ಸಿನಿಮಾದವನು ಕೊಂಡರೆ ಹಣ ಯಾರ ಕೈ ಸೇರಬೇಕೆಂಬುದನ್ನು ಇಂದೇ ಬರೆದಿಟ್ಟುಕೊಳ್ಳುವುದು ಲೇಸು.

ಹಾಡಿದವಳಿಗೆ ಕೇಂದ್ರ ಎಷ್ಟು ಕೊಡಬಲ್ಲದೆಂಬುದು ಅದರ ಹುಂಡಿಗೆ ಬಿಟ್ಟದ್ದು. ಒಂದು ಸೀರೆ, ಬಸ್ ಚಾರ್ಜು, ಅದೂ ಇಲ್ಲದಿದ್ದರೆ ಮುದ್ರಣದ ಒಂದು ಪ್ರತಿ. ಹೆಸರು ಹೇಳುವುದಕ್ಕಂತೂ ಒಂದು ಕಾಸೂ ಬೇಡ. ಕಂಪನಿಗಳ ದರ ಇಳಿಸಿರೆಂದು ದೆಹಲಿಗೆ ಅರ್ಜಿ ಬರೆಯುವ ಕೇಂದ್ರದಲ್ಲಿ, ತಾನು ಹಾಡಿಸಿಕೊಂಡವರ ಹೆಸರಿನ ಪುಸ್ತಕವೊಂದು ಇದ್ದರೆ ಆ ಅರ್ಜಿಗೆ ಬಲ ಬಂದೀತು.

ನಮ್ಮ ಕಾಲೇಜಿಗೆ ಇನ್ನೂ ಬಾನುಲಿ ಕೇಂದ್ರವಿಲ್ಲ. ಆದರೆ ಪ್ರತಿ ವರ್ಷ ಎನ್.ಎಸ್.ಎಸ್. ಶಿಬಿರಕ್ಕೆ ಹೋದಾಗ ನಾವೂ ಮೊಬೈಲು ಹಿಡಿದು ಅಜ್ಜಿಯರಿಂದ ಹಾಡಿಸಿಕೊಂಡು ಬರುತ್ತೇವೆ. ಆಮೇಲೆ ಯಾವ ಹಾಡು ಯಾರದೆಂದು ನಮಗೇ ನೆನಪಿರುವುದಿಲ್ಲ. ಮುಂದಿನ ಶಿಬಿರಕ್ಕೆ ಕನ್ನಡ ಸಂಘದಿಂದ ಒಂದು ಗೆರೆಯ ಪುಸ್ತಕ ಕೊಡಿಸಬೇಕೆಂದು ಸಂಘದ ಕಾರ್ಯದರ್ಶಿಯವರಲ್ಲಿ ಈ ಮೂಲಕ ಕೇಳಿಕೊಳ್ಳುತ್ತೇನೆ. ಹಾಡಿದವರ ಹೆಸರು, ಊರು, ಯಾರಿಂದ ಕಲಿತದ್ದು, ಹಾಡಿದ ದಿನ, ಬಾನುಲಿಗೆ ಕೊಡಲು ಒಪ್ಪಿಗೆಯುಂಟೆ ಇಲ್ಲವೆ, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. 200 ಪುಟದ್ದಾದರೆ ಸಾಕು.